ಹಾಡಿದವಳು ಮರೆತಿದ್ದಾಳೆ

ಎನ್. ಬೇಗೂರು
12-11-1954

ಪೂಜ್ಯ ವೀರಭದ್ರಸ್ವಾಮಿ ಮೇಷ್ಟ್ರಿಗೆ ಪುಟ್ಟಮಲ್ಲಮ್ಮ ಮಾಡುವ ನಮಸ್ಕಾರಗಳು.

ಹುಣಸೂರಿನ ಮಿಡ್ಲ್ ಸ್ಕೂಲಿನಲ್ಲಿ ಕಿಟಕಿ ಪಕ್ಕ ಕೂರುತ್ತಿದ್ದ, ಚಳಿಜ್ವರ ಬಂದು ಎರಡು ಸಲ ಶಾಲೆ ಬಿಟ್ಟು, ಮೂರನೇ ಸಲ ಮದುವೆಯಾಗಿ ಬಿಟ್ಟ ಹುಡುಗಿ ನಾನು. ನೆನಪಿಲ್ಲದಿದ್ದರೆ ಕಾಗದವನ್ನು ಇಲ್ಲಿಗೇ ಮಡಿಸಿಡಿ, ನನಗೆ ಬೇಸರವಿಲ್ಲ. ಬೇಸರವಾಗುತ್ತದೆ, ಆದರೆ ಹೇಳಿಕೊಳ್ಳುವುದಿಲ್ಲ.

ನಿಮ್ಮ ಸಾಲಿಗ್ರಾಮದ ವಿಳಾಸವನ್ನು ಇಲ್ಲಿಯ ತಾಲ್ಲೂಕು ಕೇಂದ್ರವಾದ ಕೋಟೆಯ ಪೋಸ್ಟ್ ಮಾಸ್ಟರು ಕೊಟ್ಟರು. ಎರಡು ವರ್ಷದಿಂದ ಇಲ್ಲಿಯ ಶಾಲೆಯಲ್ಲಿ ಸಣ್ಣ ಮಕ್ಕಳಿಗೆ ಪಾಠ ಹೇಳುತ್ತಿದ್ದೇನೆ. ತಾತ್ಕಾಲಿಕ ಕೆಲಸ. ಬರುವ ಜೂನ್ ಒಳಗೆ ಕನ್ನಡ ಪರೀಕ್ಷೆ ಪಾಸು ಮಾಡದಿದ್ದರೆ ನನ್ನ ಜಾಗಕ್ಕೆ ಬೇರೆಯವರು ಬರುತ್ತಾರೆ. ಉಳಿದ ಪತ್ರಿಕೆಗಳನ್ನು ಹೇಗೋ ಬರೆದೇನು. ಆದರೆ ಮನೆಯಲ್ಲಿ ಕೂತು ಒಂದು ಪ್ರಬಂಧ ಬರೆದು ಕಳಿಸಬೇಕಂತೆ. ವಿದ್ವಾಂಸರ ಪುಸ್ತಕದ ಒಂದು ಅಧ್ಯಾಯ ತೆಗೆದುಕೊಂಡು ‘ಪರಿಶೀಲಿಸಿ ವಿಮರ್ಶಿಸಿ’ ಎಂದಿದೆ. ಆಮೇಲೆ ಮೈಸೂರಿನಲ್ಲಿ ಅವರ ಮುಂದೆ ನಿಂತು ಉತ್ತರ ಹೇಳಬೇಕು.

ನಾನೇ ಅರ್ಧಂಬರ್ಧ ಓದಿದವಳು. ಪೂರ್ತಿ ಓದಿದವರ ಪುಸ್ತಕವನ್ನು ಏನೆಂದು ಪರಿಶೀಲಿಸಲಿ? ವಿಮರ್ಶಿಸಿ ಅಂದರೆ ಹೊಗಳಬೇಕೋ, ತಪ್ಪು ಹುಡುಕಬೇಕೋ ಅದೂ ತಿಳಿಯದು. ಯಾವ ಪುಸ್ತಕ ಎಂದಾದರೂ ತಿಳಿಸಿ. ಅಕ್ಷರ ಕೆಟ್ಟದಾಗಿದ್ದರೆ ಕ್ಷಮಿಸಿ, ನಿಬ್ಬು ಸೀಳಿದೆ.

ನಿಮ್ಮ ಶಿಷ್ಯೆ
ಪುಟ್ಟಮಲ್ಲಮ್ಮ

*

ಸಾಲಿಗ್ರಾಮ
24-11-1954

ಚಿ. ಸೌ. ಪುಟ್ಟಮಲ್ಲಮ್ಮನಿಗೆ ಆಶೀರ್ವಾದಗಳು.

ನೆನಪಿದೆ. ಪಾಠದ ನಡುವೆ ‘ಯಾಕೆ ಮೇಷ್ಟ್ರೇ’ ಎಂದು ಕೇಳಿ, ಕೇಳಿದ್ದು ತಪ್ಪಾಯಿತೇನೋ ಎಂದು ತಲೆ ತಗ್ಗಿಸುತ್ತಿದ್ದವಳು. ಆ ಕೇಳುವ ಬುದ್ಧಿ ಸಾಕು. ತಲೆ ತಗ್ಗಿಸುವುದನ್ನು ಮಾತ್ರ ಬಿಡು.

ಬೇರೆ ಟಪಾಲಿನಲ್ಲಿ ಪುಸ್ತಕವೊಂದನ್ನು ಕಳಿಸಿದ್ದೇನೆ. ನಮ್ಮ ಸೀಮೆಯ ಹೆಂಗಸರ ಹಾಡುಗಳ ಮೇಲೆ ಮೈಸೂರಿನ ಪ್ರೊಫೆಸರರೊಬ್ಬರು ಬರೆದದ್ದು. ಮದುವೆ ಹಾಡುಗಳ ಆರನೇ ಅಧ್ಯಾಯವನ್ನು ತೆಗೆದುಕೋ.

ವಿಮರ್ಶೆಯೆಂದರೆ ಹೊಗಳಿಕೆಯೂ ಅಲ್ಲ, ಬೈಗುಳವೂ ಅಲ್ಲ. ಹಾಳೆಯ ನಡುವೆ ಒಂದು ಗೆರೆ ಎಳೆ. ಎಡಗಡೆ ಲೇಖಕರು ಹೇಳಿದ್ದೇನು ಎಂದು ಬರೆ. ಬಲಗಡೆ, ಹಾಗೆ ಹೇಳುವುದಕ್ಕೆ ಅವರಿಗೆ ಸಿಕ್ಕ ಆಧಾರವೇನು ಎಂದು ಬರೆ. ಯಾರಿಂದ ಕೇಳಿದರು, ಎಲ್ಲಿ, ಎಷ್ಟು ಜನರಿಂದ. ಆಮೇಲೆ ನೋಡು, ಬಲಗಡೆಯದು ಎಡಗಡೆಯ ಭಾರವನ್ನು ಹೊರುತ್ತದೆಯೇ ಎಂದು. ಅಷ್ಟೇ ಕೆಲಸ.

ಪುಸ್ತಕ ಒಳ್ಳೆಯದು. ಹಾಗೆಂದು ಹೆದರಬೇಕಾಗಿಲ್ಲ.

ವೀರಭದ್ರಸ್ವಾಮಿ

*

ಎನ್. ಬೇಗೂರು
11-12-1954

ಪೂಜ್ಯ ಮೇಷ್ಟ್ರಿಗೆ ನಮಸ್ಕಾರಗಳು.

ಪುಸ್ತಕ ತಲುಪಿತು. ಮೊದಲೇ ಹೇಳಿಬಿಡುತ್ತೇನೆ, ಮುನ್ನುಡಿಯ ಎರಡು ಹಾಳೆ ಇದರಲ್ಲಿಲ್ಲ. ಬ್ಲೇಡಿನಲ್ಲಿ ಕೊಯ್ದ ಹಾಗಿದೆ. ಕಟ್ಟು ಬಿಚ್ಚುವಾಗ ನಮ್ಮ ಯಜಮಾನರು ನಂಜಯ್ಯನವರು ಎದುರಿಗೇ ಇದ್ದರು, ಅವರೇ ಸಾಕ್ಷಿ. ನಾನು ಕಳೆದೆನೆಂದು ದಯಮಾಡಿ ತಿಳಿಯಬೇಡಿ.

ನೀವು ಹೇಳಿದಂತೆ ಗೆರೆ ಎಳೆದೆ. ಹೆಣ್ಣೊಪ್ಪಿಸುವ ಪದದ ಹತ್ತಿರ ಸಿಕ್ಕಿಹಾಕಿಕೊಂಡಿದ್ದೇನೆ. ಮಗಳನ್ನು ಗಂಡಿನ ಕಡೆಯವರಿಗೆ ಒಪ್ಪಿಸುವಾಗ ಹೆಂಗಸರು ಹಾಡುವುದು. ‘ಅತ್ತೆ ಬೈದರೆ ಮಗಳೆ ಎತ್ತರದ ದನಿ ಬೇಡ’ ಎಂದು ಶುರುವಾಗುತ್ತದಲ್ಲ, ಅದು. ಪುಸ್ತಕದಲ್ಲಿ ಆರು ನುಡಿ ಕೊಟ್ಟಿದ್ದಾರೆ. ಆರರಲ್ಲೂ ತಗ್ಗು, ಬಗ್ಗು, ಬಾಯಿ ಮುಚ್ಚು ಎಂಬ ಬುದ್ಧಿಮಾತೇ. ಅದರ ಕೆಳಗೆ ಪ್ರೊಫೆಸರು ಹೀಗೆ ಬರೆದಿದ್ದಾರೆ:

‘ಹಾಡು ಇಲ್ಲಿ ಮುರಿದಿದೆ. ಹಾಡಿದವಳು ಮರೆತಿದ್ದಾಳೆ. ಹಳ್ಳಿಯ ಹೆಣ್ಣಿನ ನೆನಪು ಸವೆಯುತ್ತಿರುವುದಕ್ಕೆ ಇದು ಗುರುತು. ಆದರೂ ಈ ಮುರಿದ ಹಾಡಿನಿಂದಲೇ ಅವಳ ಮನೋಧರ್ಮ ತಿಳಿಯುತ್ತದೆ. ಸಹಿಸುವುದು, ಅತ್ತು ಸುಮ್ಮನಾಗುವುದು.’

ಎಡಗಡೆ ಇದಿಷ್ಟನ್ನೂ ಬರೆದೆ. ಬಲಗಡೆಗೆ ಸಿಕ್ಕಿದ್ದು ಒಂದೇ ಸಾಲು. ‘ಪಿರಿಯಾಪಟ್ಟಣ ಸೀಮೆಯ ಹಳ್ಳಿಯಲ್ಲಿ ಒಬ್ಬ ಮುದುಕಿಯಿಂದ ನಮ್ಮ ಕಾರ್ಯಕರ್ತರು ಬರೆದುಕೊಂಡದ್ದು.’

ಮೇಷ್ಟ್ರೇ, ನನ್ನ ತವರೂ ಅದೇ ಸೀಮೆ. ನನ್ನನ್ನು ಕಳಿಸುವಾಗ ಗಾಡಿ ಊರ ಎಲ್ಲೆಕಲ್ಲಿನ ಹತ್ತಿರ ನಿಂತಿತು. ಹೆಂಗಸರು ಸುತ್ತುಗಟ್ಟಿ ಇನ್ನೂ ಏನನ್ನೋ ಹಾಡಿದರು. ಮನೆಯೊಳಗೆ ಹಾಡಿದ ಹಾಗೆ ನಿಧಾನವಾಗಿ ಅಲ್ಲ, ಚಪ್ಪಾಳೆ ತಟ್ಟಿಕೊಂಡು. ಒಬ್ಬಾಕೆ ಜೋರಾಗಿ ನಗುತ್ತಿದ್ದಳು. ನಾನು ಅಳುತ್ತಿದ್ದೆ, ಎತ್ತಿನ ಗೆಜ್ಜೆ ಬೇರೆ, ಒಂದು ಮಾತೂ ಕಿವಿಗೆ ಬೀಳಲಿಲ್ಲ. ಅದು ಏಳನೇ ನುಡಿ ಇರಬಹುದೇ?

ನಮ್ಮತ್ತೆ ಶಿವನಂಜಮ್ಮನವರನ್ನು ಕೇಳಿದೆ. ರಾಗಿ ಕೇರುತ್ತಿದ್ದವರು ಮೊರ ನಿಲ್ಲಿಸಲಿಲ್ಲ.

‘ಆರೇ ಕಣಮ್ಮಿ.’

‘ಅಲ್ಲಾ ಅತ್ತೆ, ಎಲ್ಲೆಕಲ್ಲತ್ರ ಹಾಡ್ತಾರಲ್ಲ.’

‘ಯಾರ್ ಆಡ್ತಾರೆ? ನಂಗೊತ್ತಿಲ್ಲ ಬುಡು.’

‘ನಿಮಗೂ ಮರೆತೋಗಿದ್ಯಾ? ಪುಸ್ತಕದಲ್ಲಿ ಹಂಗೇ ಬರೆದವ್ರೆ, ಹೆಂಗಸರು ಮರೆತವ್ರೆ ಅಂತ.’

ಆಗ ಮೊರ ನಿಂತಿತು. ‘ಮರ್ತವ್ರಂತಾ? ಬರ್ದೋನ್ನ ಕರ್ಕಂಬಾ. ನನ್ನ ಮದ್ವೇಲಿ ಯಾರ್ಯಾರು ಯಾವ್ ಪಂಕ್ತೀಲಿ ಕುಂತು ಉಂಡ್ರು ಅಂತ ಒಬ್ಬೊಬ್ರುದ್ದೂ ಯೋಳ್ತೀನಿ. ಮರ್ತವ್ರಂತೆ.’

ಆದರೂ ಪದ ಹೇಳಲಿಲ್ಲ. ನನ್ನ ಮೇಲೆ ಅವರಿಗೇನೋ ಸಿಟ್ಟಿರಬೇಕು. ಅಥವಾ ನಿಜವಾಗಿ ಮರೆತು ಬಿಂಕ ಮಾಡುತ್ತಿದ್ದಾರೋ. ಹಾಗಾದರೆ ಪ್ರೊಫೆಸರೇ ಸರಿ.

ಪುಟ್ಟಮಲ್ಲಮ್ಮ

*

ಸಾಲಿಗ್ರಾಮ
23-12-1954

ಚಿ. ಸೌ. ಪುಟ್ಟಮಲ್ಲಮ್ಮನಿಗೆ ಆಶೀರ್ವಾದಗಳು.

ಅಳುತ್ತಾ ಗಾಡಿಯಲ್ಲಿ ಕೂತಿದ್ದ ಮದುವಣಗಿತ್ತಿಯ ನೆನಪನ್ನು ಪರೀಕ್ಷಕರು ಆಧಾರವೆಂದು ಒಪ್ಪುವುದಿಲ್ಲ. ಅದು ಬೇರೆ ಯಾವುದೋ ಹಾಡಿರಬಹುದು. ಇತರರನ್ನು ವಿಚಾರಿಸು. ಏನೂ ಸಿಗದಿದ್ದರೆ ಆ ಹಾಡನ್ನು ಬಿಟ್ಟು ಮುಂದಿನದಕ್ಕೆ ಹೋಗು, ಅಧ್ಯಾಯದಲ್ಲಿ ಇನ್ನೂ ಹದಿನಾಲ್ಕು ಹಾಡುಗಳಿವೆ.

ಮುನ್ನುಡಿಯ ಹಾಳೆಗಳ ಯೋಚನೆ ಬೇಡ. ನಿನ್ನ ಕೆಲಸಕ್ಕೆ ಅವು ಬೇಕಾಗಿಲ್ಲ.

ವೀರಭದ್ರಸ್ವಾಮಿ

*

ಎನ್. ಬೇಗೂರು
19-1-1955

ಪೂಜ್ಯ ಮೇಷ್ಟ್ರಿಗೆ ನಮಸ್ಕಾರಗಳು.

ಬಿಟ್ಟು ಮುಂದೆ ಹೋಗೋಣವೆಂದು ಎಷ್ಟು ಪ್ರಯತ್ನಪಟ್ಟರೂ ಆಗುತ್ತಿಲ್ಲ. ಕೋಟೆಯ ಸಂತೆಗೆ ಹೋದಾಗ ಬೇರೆ ಬೇರೆ ಊರಿನ ಒಂಬತ್ತು ಹೆಂಗಸರನ್ನು ಕೇಳಿದೆ. ಎಂಟು ಜನ ‘ಆರೇ’ ಎಂದರು. ಯೋಚಿಸಲೂ ಇಲ್ಲ, ಥಟ್ಟನೆ ಅಂದರು. ಅಂದು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಒಂಬತ್ತನೆಯಾಕೆ ನನ್ನ ಜೊತೆ ಬಂದಿದ್ದ ನಮ್ಮ ಯಜಮಾನರ ಕಡೆ ಒಂದು ಸಲ ನೋಡಿ, ‘ನಿಮ್ಮನೇಲಿ ಎಣ್ಮಗು ಅದಲ್ವಾ, ಮದ್ವೆ ಆಗ್ಲಿ, ಗೊತ್ತಾಯ್ತದೆ’ ಎಂದು ನನ್ನ ನಾದಿನಿಯ ಮಾತೆತ್ತಿದಳು. ಮರೆತವರು ಹೀಗೆ ನಗುತ್ತಾರೆಯೇ? ಇಲ್ಲದ್ದನ್ನು ಎಂಟು ಜನ ಇಷ್ಟು ಬೇಗ ಇಲ್ಲ ಎನ್ನುತ್ತಾರೆಯೇ?

ಬಲಗಡೆಯ ಸಾಲನ್ನು ಮತ್ತೆ ಮತ್ತೆ ಓದಿದೆ. ನನ್ನ ಸಿಟ್ಟೆಲ್ಲ ಈಗ ಪ್ರೊಫೆಸರ ಮೇಲಿಲ್ಲ, ಆ ಕಾರ್ಯಕರ್ತನ ಮೇಲಿದೆ. ಪ್ರೊಫೆಸರು ಪಾಪ ಮೈಸೂರಿನಲ್ಲಿ ಕೂತು ಬರೆದವರು. ಈತ ಊರಿಗೆ ಹೋಗಿದ್ದನಲ್ಲ. ಒಬ್ಬಳನ್ನು ಕೇಳಿದ. ಅವಳು ನಿಲ್ಲಿಸಿದಳು. ಯಾಕಮ್ಮ ನಿಲ್ಲಿಸಿದೆ ಎಂದು ಒಂದು ಮಾತು ಕೇಳಬಾರದೇ? ಊಟದ ಹೊತ್ತಾಗಿತ್ತೋ ಏನೋ. ಕೇಳದೆ ಎದ್ದು ಬಂದವನು ‘ಮರೆತಿದ್ದಾಳೆ’ ಎಂದು ಬರೆದ. ಆ ಒಂದು ಮಾತಿನ ಮೇಲೆ ಸೀಮೆಯ ಹೆಂಗಸರ ಮನೋಧರ್ಮವೆಲ್ಲ ನಿಂತಿದೆ. ಅವನ ಹೆಸರನ್ನೂ ಹಾಕಿಲ್ಲ, ಸೋಮಾರಿಗೆ ಅದೊಂದು ಅನುಕೂಲ.

ಹೀಗೆ ಪ್ರಬಂಧದಲ್ಲಿ ಬರೆಯಬಹುದೇ? ಒರಟಾಯಿತೇ?

ಪುಟ್ಟಮಲ್ಲಮ್ಮ

*

ಎನ್. ಬೇಗೂರು
22-2-1955

ಪೂಜ್ಯ ಮೇಷ್ಟ್ರಿಗೆ ನಮಸ್ಕಾರಗಳು.

ಐದು ವಾರವಾಯಿತು, ನಿಮ್ಮ ಕಾಗದವಿಲ್ಲ. ಟಪಾಲಿನ ಅಂಕಯ್ಯ ಬಂದ ದಿನವೆಲ್ಲ ಪಾಠ ಬಿಟ್ಟು ಬಾಗಿಲಿಗೆ ಹೋಗುತ್ತೇನೆ. ‘ನೀವು ಇಂಗೆ ಓಡ್ಬಂದ್ರೆ ನಾನೇ ಬಚ್ಚಿಟ್ಕಂಡಿದೀನಿ ಅಂದ್ಕತಾರೆ ಕಣ್ರೀ’ ಎನ್ನುತ್ತಾನೆ. ಮೈ ಸರಿಯಿಲ್ಲವೇ? ಇಲ್ಲ, ಸೋಮಾರಿ ಎಂದು ಬರೆದದ್ದು ಹೆಚ್ಚಾಯಿತೇ? ವಿದ್ವಾಂಸರ ಕೂಟದವರನ್ನು ನನ್ನಂಥವಳು ಏಕವಚನದಲ್ಲಿ ಬೈದದ್ದು ನಿಮಗೆ ನೋವಾಗಿರಬೇಕು. ಆ ಸಾಲು ಹೊಡೆದುಹಾಕುತ್ತೇನೆ. ಬೇಕಾದರೆ ಹಾಡನ್ನೇ ಬಿಡುತ್ತೇನೆ. ಎರಡು ಸಾಲಾದರೂ ಬರೆಯಿರಿ.

ಹೋಳಿಗೆ ಸುಡುವ ಗಲಾಟೆಯ ನಡುವೆ ಬರೆಯುತ್ತಿದ್ದೇನೆ. ನನ್ನ ನಾದಿನಿ ಬಸವಮ್ಮನ ಮದುವೆ ನಾಡಿದ್ದು.

ಪುಟ್ಟಮಲ್ಲಮ್ಮ

*

ಎನ್. ಬೇಗೂರು
1-3-1955

ಪೂಜ್ಯ ಮೇಷ್ಟ್ರಿಗೆ ನಮಸ್ಕಾರಗಳು.

ನೀವು ಸಿಟ್ಟಾಗಿದ್ದರೂ ಇದನ್ನು ಓದಲೇಬೇಕು.

ಬಸವಮ್ಮನನ್ನು ಒಪ್ಪಿಸುವಾಗ ನಡುಮನೆಯಲ್ಲಿ ಹೆಂಗಸರು ಆರು ನುಡಿ ಹಾಡಿದರು. ಗಂಡಿನ ತಂದೆ ಸಿದ್ದಯ್ಯನವರು, ಅವರ ಅಣ್ಣತಮ್ಮಂದಿರು, ಅವರ ಹೆಂಗಸರು ಎಲ್ಲ ಎದುರಿಗೇ ಕೂತು ತಲೆಯಾಡಿಸುತ್ತ ಕೇಳಿದರು. ಹಾಡು ನಿಂತಿತು. ಗಂಡಿನ ಕಡೆಯ ಗಾಡಿಗಳು ಮುಂದೆ ಹೊರಟವು. ಹೆಣ್ಣಿನ ಗಾಡಿ ಹಿಂದೆ. ಅತ್ತೆ ನನ್ನ ರಟ್ಟೆ ಹಿಡಿದು, ‘ಬಾ ಅಮ್ಮಿ, ಇವತ್ತು ನೀನೂ ಎಣ್ಣಿನ ಕಡೆಯೋಳು’ ಎಂದರು.

ಎಲ್ಲೆಕಲ್ಲಿನ ಹತ್ತಿರ ಗಾಡಿ ನಿಂತಿತು. ಮುಂದಿನ ಗಾಡಿಗಳು ತಿರುವು ದಾಟುವವರೆಗೆ ಯಾರೂ ಉಸಿರೆತ್ತಲಿಲ್ಲ. ದಾಟಿದ ಮೇಲೆ ಚಪ್ಪಾಳೆ ಶುರುವಾಯಿತು.

ಏಳನೇ ನುಡಿ ಇದೆ ಮೇಷ್ಟ್ರೇ. ಪದವನ್ನೇ ಬರೆಯುವ ಹಾಗಿಲ್ಲ, ಎಲ್ಲೆಯಿಂದ ಈಚೆ ಅದನ್ನು ಆಡಬಾರದು. ಸಾರಾಂಶ ಹೇಳಬಹುದು ಎಂದು ಅತ್ತೆ ಅಪ್ಪಣೆ ಕೊಟ್ಟಿದ್ದಾರೆ. ಮನೆಯೊಳಗೆ ಹೇಳಿದ್ದೆಲ್ಲ ಅವರ ಕಿವಿಗೆ ಹೇಳಿದ್ದು ಮಗಳೆ, ಈಗ ಹೇಳುವುದು ನಿನ್ನ ಕಿವಿಗೆ. ಬೈದರೆ ಒಂದು ಸಲ ಕೇಳು, ಎರಡನೇ ಸಲಕ್ಕೆ ಉತ್ತರ ಕೊಡು. ಕೈ ಎತ್ತಿದರೆ ಎದ್ದು ಬಾ, ಹೋದ ದಾರಿಯೇ ಬರುವ ದಾರಿ. ಆಮೇಲೆ ಮಾವನ ಮೀಸೆ, ಅತ್ತೆಯ ನಡಿಗೆ ಎಲ್ಲವನ್ನೂ ಆಡಿಕೊಂಡು ನಗುವುದು. ಬಸವಮ್ಮ ಅಳುತ್ತಿದ್ದವಳು ಅರ್ಧಕ್ಕೆ ನಿಲ್ಲಿಸಿ ಕಣ್ಣರಳಿಸಿ ಕೇಳಿದಳು. ನನ್ನಂತೆ ಪೆದ್ದಿಯಲ್ಲ.

ವಾಪಸು ಬರುವಾಗ ಕೇಳಿದೆ, ‘ನನಗ್ಯಾಕೆ ಹೇಳಲಿಲ್ಲ ಅತ್ತೆ?’

‘ನಿಂಗೆ ನಾನು ಗಂಡಿನ ಕಡೆಯೋಳು ಕಣಮ್ಮಿ. ನನ್ನ ಮ್ಯಾಲೆ ಕಟ್ಟಿರೋ ಪದವ ನಾನೇ ನಿಂಗೆ ಕಲ್ಸಿಕೊಡ್ನಾ?’ ಎಂದು ಸೆರಗು ಬಾಯಿಗಿಟ್ಟುಕೊಂಡು ನಕ್ಕರು.

ಒಂದು ಮಾತನ್ನು ನಿಮಗೆ ಮೊದಲೇ ಬರೆಯಲಿಲ್ಲ. ಅಂದು ನನ್ನ ಗಾಡಿಯ ಹತ್ತಿರ ಜೋರಾಗಿ ನಕ್ಕವಳು ನಮ್ಮವ್ವ. ನಾನು ಹೋಗುತ್ತಿರುವಾಗ ಅವಳು ನಕ್ಕಳಲ್ಲ ಎಂಬುದು ಹದಿನಾಲ್ಕು ವರ್ಷ ಮುಳ್ಳಿನ ಹಾಗೆ ಚುಚ್ಚಿತ್ತು. ಅವಳು ತೀರಿಕೊಂಡಾಗಲೂ ಅದೇ ಯೋಚನೆ. ಯಾಕೆ ನಕ್ಕಳೆಂದು ಈಗ ತಿಳಿಯಿತು. ಕೇಳಿದ್ದರೆ ಹೇಳುತ್ತಿದ್ದಳು, ನಾನೂ ಕೇಳಲಿಲ್ಲ. ಆ ಕಾರ್ಯಕರ್ತನಿಗೂ ನನಗೂ ದೊಡ್ಡ ವ್ಯತ್ಯಾಸವೇನಿಲ್ಲ.

ಪ್ರಬಂಧದ ಕರಡು ಇದರೊಂದಿಗಿದೆ. ಆರು ನುಡಿಯನ್ನು ನಂಬಿ ಹೆಣ್ಣಿನ ಮನೋಧರ್ಮ ತೀರ್ಮಾನಿಸುವುದು, ಬೀಗರ ಎದುರಿಗೆ ಆಡಿದ ಮಾತನ್ನೇ ಮನಸ್ಸಿನ ಮಾತೆಂದು ತಿಳಿದಂತೆ ಎಂದು ಬರೆದಿದ್ದೇನೆ. ಪದವನ್ನು ಕೊಡದೆ ಪದವಿದೆ ಎಂದರೆ ಯಾರು ನಂಬುತ್ತಾರೆ? ಪರೀಕ್ಷಕರು ಪ್ರೊಫೆಸರ ಶಿಷ್ಯರೇ ಆಗಿದ್ದರೆ? ಕೆಲಸ ಹೋದರೆ? ನೀವು ಬೇಡವೆಂದರೆ ಹರಿದುಹಾಕುತ್ತೇನೆ.

ಪುಟ್ಟಮಲ್ಲಮ್ಮ

*

ಸಾಲಿಗ್ರಾಮ
9-3-1955

ಚಿ. ಸೌ. ಪುಟ್ಟಮಲ್ಲಮ್ಮನಿಗೆ ಆಶೀರ್ವಾದಗಳು.

ಹರಿಯಬೇಡ.

ಮುನ್ನುಡಿಯ ಎರಡು ಹಾಳೆಗಳನ್ನು ಇದರೊಳಗಿಟ್ಟಿದ್ದೇನೆ. ಬ್ಲೇಡಿನಲ್ಲಿ ಕೊಯ್ದವನು ನಾನೇ. ಕೊನೆಯ ಪ್ಯಾರಾ ನೋಡು. ‘ಪಿರಿಯಾಪಟ್ಟಣ, ಹುಣಸೂರು ಸೀಮೆಗಳಲ್ಲಿ ಓಡಾಡಿ ಹಾಡುಗಳನ್ನು ಬರೆದುಕೊಂಡ ಕಾರ್ಯಕರ್ತರು ಶ್ರೀ ವೀರಭದ್ರಸ್ವಾಮಿಯವರು.’ ನನ್ನ ಹೆಸರು ಅಚ್ಚಾದದ್ದು ಇದೊಂದೇ ಕಡೆ. ಬಂದವರಿಗೆಲ್ಲ ತೋರಿಸಿದ್ದೇನೆ.

ಹೆಸರು ಕಂಡರೆ ನೀನು ಸಂಕೋಚಪಡುತ್ತೀಯ ಎಂದು ಕೊಯ್ದೆ ಎಂದುಕೊಂಡಿದ್ದೆ. ಸೋಮಾರಿ ಎಂಬ ನಿನ್ನ ಕಾಗದ ಬಂದ ಮೇಲೆ ಕೂತು ಯೋಚಿಸಿದೆ. ಸಂಕೋಚ ನಿನ್ನದಲ್ಲ, ಭಯ ನನ್ನದು. ಉತ್ತರ ಬರೆಯದೇ ಇದ್ದದ್ದು ಅದಕ್ಕೇ. ಮೈಗೇನೂ ಆಗಿರಲಿಲ್ಲ.

ಇಪ್ಪತ್ತೆಂಟು ವರ್ಷದ ಹಿಂದಿನ ಮಾತು. ಪಟೇಲರ ಮನೆ ಜಗಲಿಯ ಮೇಲೆ ಚಾಪೆ ಹಾಸಿ ನನ್ನನ್ನು ಕೂರಿಸಿದ್ದರು. ಸುತ್ತ ಹತ್ತು ಹನ್ನೆರಡು ಗಂಡಸರು. ಮುದುಕಿಯನ್ನು ಕರೆಸಿ ಹಾಡಿಸಿದರು. ಆರನೇ ನುಡಿಗೆ ನಿಲ್ಲಿಸಿ ಸುತ್ತ ಕೂತವರನ್ನೆಲ್ಲ ಒಂದು ಸಲ ನೋಡಿದಳು. ‘ಮುಂದೆ?’ ಎಂದೆ. ‘ಅಷ್ಟೇ ಕಣಪ್ಪ’ ಎಂದಳು. ಅವಳು ನೋಡಿದ ರೀತಿ ಮರೆತವಳದಲ್ಲ ಎಂದು ಆಗಲೇ ಅನ್ನಿಸಿತ್ತು. ಆದರೂ ಬರೆದೆ. ಊಟದ ಹೊತ್ತಾಗಿತ್ತು. ಅದನ್ನು ನೀನು ಹೇಗೆ ಊಹಿಸಿದೆಯೋ.

ಸೋಮಾರಿ ಎಂಬುದನ್ನು ಹೊಡೆಯಬೇಡ. ಕಾರ್ಯಕರ್ತನ ಹೆಸರನ್ನೂ ಬರೆ. ಆಧಾರ ಎಲ್ಲಿ ಕುಸಿಯಿತೆಂದು ತೋರಿಸದ ವಿಮರ್ಶೆ ಅರ್ಧ ವಿಮರ್ಶೆ.

ವೀರಭದ್ರಸ್ವಾಮಿ

*

ಎನ್. ಬೇಗೂರು
28-3-1955

ಪೂಜ್ಯ ಮೇಷ್ಟ್ರಿಗೆ ನಮಸ್ಕಾರಗಳು.

ನಿಮ್ಮ ಕಾಗದ ಓದಿ ಎರಡು ದಿನ ಅನ್ನ ಸೇರಲಿಲ್ಲ. ನಾನು ಬರೆದ ಒಂದೊಂದು ಮಾತೂ ನಿಮಗೇ ಬರೆದಂತಾಯಿತಲ್ಲ.

ಪ್ರಬಂಧವನ್ನು ಇವತ್ತು ಕಳಿಸಿದೆ. ಸೋಮಾರಿ ಎಂಬುದನ್ನು ತೆಗೆದೆ. ನಿಮಗಾಗಿ ಅಲ್ಲ. ಅದು ತಪ್ಪು. ಹನ್ನೆರಡು ಗಂಡಸರ ನಡುವೆ ಕೂತಿದ್ದಾಗ ನೀವು ಹತ್ತು ಸಲ ಕೇಳಿದ್ದರೂ ಅವಳು ಹೇಳುತ್ತಿರಲಿಲ್ಲ. ‘ಕೇಳಿದ ಜಾಗ ಎಂಥದು ಎಂಬುದನ್ನು ಗ್ರಂಥಕರ್ತರು ದಾಖಲಿಸಿಲ್ಲ’ ಎಂದು ತಿದ್ದಿದೆ. ಹೆಸರು ಹಾಕಲಿಲ್ಲ. ಈ ಒಂದು ವಿಷಯದಲ್ಲಿ ನಿಮ್ಮ ಮಾತು ಮೀರಿದ್ದೇನೆ, ಬೈಯಿರಿ.

ಪುಟ್ಟಮಲ್ಲಮ್ಮ

*

ಎನ್. ಬೇಗೂರು
3-6-1955

ಪೂಜ್ಯ ಮೇಷ್ಟ್ರಿಗೆ ನಮಸ್ಕಾರಗಳು.

ಮೈಸೂರಿನಿಂದ ನಿನ್ನೆ ಬಂದೆ. ಪರೀಕ್ಷೆಗೆ ಮೂವರು ಕೂತಿದ್ದರು. ನಡುವಿನವರು ಕನ್ನಡಕದ ಮೇಲಿಂದ ನೋಡಿ, ‘ಏಳನೇ ನುಡಿ ಇದೆ ಅಂತೀರಿ. ಎಲ್ಲಿ, ಹೇಳಿಯಮ್ಮ’ ಎಂದರು.

‘ಇಲ್ಲಿ ಆಗುವುದಿಲ್ಲ ಸ್ವಾಮಿ.’

‘ಯಾಕೆ?’

‘ಗಂಡಿನ ಕಡೆಯವರ ಮುಂದೆ ಆಡೋ ಪದ ಅಲ್ಲ.’

‘ಇಲ್ಲಿ ಯಾವ ಮದುವೆ ನಡೀತಿದೆ? ನಾವೆಲ್ಲ ಯಾವ ಕಡೆಯವರು?’

‘ಅದು ತಿಳಿಯದೆ ಹೇಗೆ ಹೇಳಲಿ ಸ್ವಾಮಿ’ ಎಂದೆ. ಜಾಣತನಕ್ಕೆ ಹೇಳಿದ್ದಲ್ಲ, ನಿಜವಾಗಿ ತಿಳಿಯಲಿಲ್ಲ. ಎಡಗಡೆಯವರು ನಕ್ಕುಬಿಟ್ಟರು. ನಡುವಿನವರು ನಗಲಿಲ್ಲ. ‘ಹಾಗಾದರೆ ಆಧಾರವಿಲ್ಲ ಅಂತಾಯ್ತು’ ಎಂದು ಪೆನ್ನು ತೆಗೆದರು. ಕೆಲಸ ಹೋಯಿತು ಎಂದುಕೊಂಡೆ. ನಿಮ್ಮ ಕಾಗದ ನನ್ನ ಚೀಲದಲ್ಲೇ ಇತ್ತು. ಕೈ ಚೀಲದವರೆಗೆ ಹೋಯಿತು, ತೆಗೆಯಲಿಲ್ಲ.

ಆಗ ಎಡಗಡೆಯವರು ತಮ್ಮ ಫೈಲಿನಿಂದ ಒಂದು ರಿಜಿಸ್ಟರ್ ಲಕೋಟೆ ತೆಗೆದು ಓದಿದರು. ‘ಆ ಹಾಡನ್ನು ಬರೆದುಕೊಂಡವನು ನಾನು. ಹಾಡಿದವಳು ಮರೆತಿರಲಿಲ್ಲ. ಮರೆತಿದ್ದಾಳೆಂದು ಬರೆದದ್ದು ನನ್ನ ತಪ್ಪು.’ ಕೆಳಗೆ ನಿಮ್ಮ ಸಹಿ.

ನಾನು ಹೆಸರು ಬಿಟ್ಟೆ, ನೀವೇ ಹೋಗಿ ಒಪ್ಪಿಸಿಬಿಟ್ಟಿರಿ. ನನಗೊಂದು ಮಾತು ತಿಳಿಸಬಾರದಿತ್ತೇ? ನಡುವಿನವರು ಪೆನ್ನಿನ ಮುಚ್ಚಳ ಹಾಕಿ, ‘ನೀವು ಹೋಗಬಹುದಮ್ಮ’ ಎಂದರು. ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ತಿಳಿಯಲಿಲ್ಲ. ಬಸ್ಸಿನಲ್ಲಿ ಕೋಟೆಯವರೆಗೂ ಕಣ್ಣೊರೆಸಿಕೊಳ್ಳುತ್ತ ಬಂದೆ.

ಪುಟ್ಟಮಲ್ಲಮ್ಮ

*

ಸಾಲಿಗ್ರಾಮ
27-6-1955

ಚಿ. ಸೌ. ಪುಟ್ಟಮಲ್ಲಮ್ಮನಿಗೆ ಆಶೀರ್ವಾದಗಳು.

ಇವತ್ತಿನ ಪತ್ರಿಕೆಯಲ್ಲಿ ನಿನ್ನ ನಂಬರು ಇದೆ. ಎರಡು ಸಲ ನೋಡಿದೆ, ಎದುರು ಮನೆಯ ಮಹದೇವಪ್ಪನಿಗೂ ತೋರಿಸಿ ಓದಿಸಿದೆ. ನಿಮ್ಮೂರಿಗೆ ಪತ್ರಿಕೆ ಬರುವ ಮೊದಲು ಈ ಕಾಗದ ಬರಲಿ ಎಂದು ಈಗಲೇ ಟಪಾಲಿಗೆ ಹಾಕುತ್ತಿದ್ದೇನೆ. ಶಾಲೆ ನಿನ್ನದೇ.

ಪ್ರೊಫೆಸರರಿಗೂ ತಪ್ಪೊಪ್ಪಿಕೊಂಡು ಬರೆದಿದ್ದೆ, ಅವರಿಂದಲೂ ಒಂದು ಕಾರ್ಡು ಬಂತು. ‘ತಮ್ಮ ಪತ್ರ ನೋಡಿದೆ. ಮುಂದಿನ ಮುದ್ರಣವಾದಾಗ ಯೋಚಿಸೋಣ’ ಎಂದಿದೆ. ಯೋಚಿಸಲಿ.

ಅಟ್ಟದಿಂದ ನನ್ನ ಹಳೆಯ ನೋಟ್‌ಬುಕ್ಕುಗಳನ್ನು ಇಳಿಸಿದೆ. ‘ಹಾಡಿದವಳು ಮರೆತಿದ್ದಾಳೆ’ ಎಂದು ಇನ್ನೂ ಹನ್ನೊಂದು ಕಡೆ ಬರೆದಿದ್ದೇನೆ. ಒಂದು ಈ ಕೃಷ್ಣರಾಜನಗರದ ಪಕ್ಕದ್ದೇ, ನಾಟಿ ಹಾಡು. ಹಾಡಿದವಳು ಚಿಕ್ಕಮಾದಮ್ಮ. ನಾಲ್ಕನೇ ನುಡಿಗೆ ನಿಲ್ಲಿಸಿ, ಎಮ್ಮೆಗೆ ಹುಲ್ಲು ಹಾಕಬೇಕು ಎಂದು ಎದ್ದು ಹೋದಳು. ಆ ಮನೆಯಲ್ಲಿ ಎಮ್ಮೆ ಇರಲಿಲ್ಲ. ಅದು ನನಗೆ ಅಂದೇ ಗೊತ್ತಿತ್ತು.

ಆಕೆ ಇನ್ನೂ ಇದ್ದಾಳಂತೆ, ಎಂಬತ್ತರ ಮೇಲಾಗಿದೆ. ನಾನೊಬ್ಬನೇ ಹೋದರೆ ಮತ್ತೆ ಎಮ್ಮೆ ಹುಡುಕಿಕೊಂಡು ಹೋಗುತ್ತಾಳೆ. ರಜೆಯಲ್ಲಿ ನೀನೂ ನಿಮ್ಮತ್ತೆಯವರೂ ಬರುವುದಾದರೆ ಬಸ್‌ಸ್ಟ್ಯಾಂಡಿಗೆ ನಾನೇ ಬರುತ್ತೇನೆ. ನೀವಿಬ್ಬರೂ ಕೇಳಿ. ಆ ಹೊತ್ತಿಗೆ ನಾನು ಎಷ್ಟು ದೂರ ಕೂತಿರಬೇಕು ಎಂದು ನಿಮ್ಮತ್ತೆಯವರನ್ನು ವಿಚಾರಿಸಿ ಬರೆ.

ವೀರಭದ್ರಸ್ವಾಮಿ